ಬೇಲಿ ಖರೆ, ಚಿಗರಿ ಸುಳ್ಳು

2001ರಲ್ಲಿ ಬಂದ ‘ಝೂ ಟೈಕೂನ್’ ಆಟದಲ್ಲಿ ಆನೆಯನ್ನು ಒಂದು ಆವರಣದಿಂದ ಇನ್ನೊಂದಕ್ಕೆ ಸಾಗಿಸುವುದು ಕ್ಷಣದ ಕೆಲಸ. ಮೌಸ್ ಒತ್ತಿ ಹಿಡಿದರೆ ಆನೆ ನೆಲ ಬಿಟ್ಟು ಮೇಲೇಳುತ್ತಿತ್ತು, ಬೇಕಾದ ಕಡೆ ಇಳಿಸಿದರೆ ಏನೂ ನಡೆದೇ ಇಲ್ಲವೆನ್ನುವಂತೆ ಮೇಯತೊಡಗುತ್ತಿತ್ತು. ಮಾವುತ ಬೇಡ, ಕಾವಾಡಿ ಬೇಡ, ಲಾರಿ ಬೇಡ, ಅರಿವಳಿಕೆಯೂ ಬೇಡ. ಬ್ಲೂ ಫ್ಯಾಂಗ್ ಎಂಬ ಕಂಪನಿ ತಯಾರಿಸಿ ಮೈಕ್ರೋಸಾಫ್ಟ್ ಮಾರಿದ ಆ ಆಟದ ನಂತರ ಕಾಲು ಶತಮಾನ ಕಳೆದಿದೆ. ಇವತ್ತಿನ ಆಟಗಳಲ್ಲಿ ಹುಲಿ ನಿಜವಾದ ಹುಲಿಯಂತೆಯೇ ಕಾಣುತ್ತದೆ, ಅದರ ಹಿಂದಿನ ಬಂಡೆ ನಿಜವಾದ ಬಂಡೆಯಂತೆ. ಹಾಗಾದರೆ ಈ ಮೃಗಾಲಯಗಳು ಎಷ್ಟರಮಟ್ಟಿಗೆ ಖರೆ?

ಈ ಪ್ರಶ್ನೆಯನ್ನು ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿ ಕಡೆಯಿಂದ ಕೇಳುವುದಕ್ಕೆ ಕಾರಣವಿದೆ. ಇಲ್ಲಿಯ ಜನ ಚಿಗರಿಯನ್ನು, ಅಂದರೆ ಕೃಷ್ಣಮೃಗವನ್ನು, ನೋಡಲು ಟಿಕೆಟ್ ಕೊಳ್ಳುವುದಿಲ್ಲ. 1974ರಲ್ಲಿ ಘೋಷಣೆಯಾದ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ ಪಕ್ಕದಲ್ಲೇ ಇದೆ. ಗೋವಿನಜೋಳ ಮೊಳಕೆಯೊಡೆದ ಹೊಲಕ್ಕೆ ಹಿಂಡು ತಾನಾಗಿಯೇ ಬರುತ್ತದೆ. ಬೇಲಿಯಿಲ್ಲದ ಪ್ರಾಣಿಯನ್ನು ದಿನವೂ ಕಾಣುವವರು ಪರದೆಯ ಮೇಲಿನ ಪ್ರಾಣಿಯನ್ನು ನೋಡುವ ಕಣ್ಣು ಬೇರೆ. ಬೆಂಗಳೂರಿನ ಹುಡುಗ ಬಣ್ಣ, ರೋಮ, ನೆರಳು ನೋಡಿ ಬೆರಗಾದರೆ, ಹೊಲ ಕಾದ ಹುಡುಗ ಅದು ಓಡುವ ಮೊದಲು ಕತ್ತು ಯಾವ ಕಡೆ ತಿರುಗಿಸಿತು ಎಂದು ನೋಡುತ್ತಾನೆ.

ಆಟಗಳ ಇತಿಹಾಸ ಚಿಕ್ಕದು. ಮೊದಲ ಝೂ ಟೈಕೂನ್‌ನಲ್ಲಿ ಪ್ರಾಣಿ ಖುಷಿಯಾದರೆ ತಲೆಯ ಮೇಲೆ ನಗುಮುಖ ಮೂಡುತ್ತಿತ್ತು, ಬೇಸರವಾದರೆ ಸಿಡುಕುಮುಖ. ಇಷ್ಟು ಪಾಲು ಹುಲ್ಲು, ಇಷ್ಟು ಪಾಲು ಮರಳು, ಇಂಥ ಗಿಡ ಎಂಬ ಲೆಕ್ಕ ಕೂಡಿಬಂದರೆ ನಗು ಗ್ಯಾರಂಟಿ. 2004ರ ಎರಡನೇ ಭಾಗದಲ್ಲಿ ಆಡುವವರೇ ನೆಲಕ್ಕಿಳಿದು, ಕಾವಲುಗಾರನ ಎತ್ತರದಿಂದ ಪ್ರಾಣಿಯನ್ನು ನೋಡುವ ಅವಕಾಶ ಬಂತು. 2013ರಲ್ಲಿ ಇಂಗ್ಲೆಂಡಿನ ಫ್ರಾಂಟಿಯರ್ ಕಂಪನಿ ಅದೇ ಹೆಸರಿನಲ್ಲಿ ಎಕ್ಸ್‌ಬಾಕ್ಸ್‌ಗೆ ಇನ್ನೊಂದು ಆಟ ಮಾಡಿತು. 2019ರ ನವೆಂಬರ್‌ನಲ್ಲಿ ಅದೇ ಕಂಪನಿಯ ‘ಪ್ಲಾನೆಟ್ ಝೂ’ ಬಂತು. ಈ ಜಾತಿಯ ಆಟಗಳನ್ನು ಇವತ್ತು ಅಳೆಯುವುದು ಅದರ ಗಜಕಡ್ಡಿಯಿಂದಲೇ, ಆದ್ದರಿಂದ ನಾನೂ ಹೆಚ್ಚಾಗಿ ಅದನ್ನೇ ಹಿಡಿದು ಮಾತಾಡುತ್ತೇನೆ. ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಮೃಗಾಲಯದ ಆಟಗಳು ಹೆಸರಿಗಷ್ಟೇ ಮೃಗಾಲಯ. ಅಲ್ಲಿ ಪ್ರಾಣಿಯ ಜಾಗದಲ್ಲಿ ಜಿಲೇಬಿ ಇಟ್ಟರೂ ಆಟ ನಡೆಯುತ್ತದೆ.

ಮೊದಲು ಆವರಣ. ಇಲ್ಲಿ ಪ್ಲಾನೆಟ್ ಝೂಗೆ ಒಳ್ಳೆಯ ಅಂಕ ಕೊಡಲೇಬೇಕು. ಪ್ರತಿ ಪ್ರಾಣಿಗೂ ಎಷ್ಟು ಜಾಗ, ಎಷ್ಟು ನೀರು, ಎಂಥ ನೆಲ, ಎಷ್ಟು ಗಿಡ, ಎಷ್ಟು ಶಾಖ ಎಂಬ ಪಟ್ಟಿಯಿದೆ. ಬೇಲಿಗೂ ದರ್ಜೆಗಳಿವೆ: ತೆಳುವಾದದ್ದನ್ನು ದೊಡ್ಡ ಪ್ರಾಣಿ ಮುರಿಯುತ್ತದೆ, ಗಿಡ್ಡಾದದ್ದನ್ನು ಹಾರುವ ಪ್ರಾಣಿ ದಾಟುತ್ತದೆ, ಮೇಲಂಚಿಗೆ ತಡೆ ಇಲ್ಲದಿದ್ದರೆ ಹತ್ತುವ ಪ್ರಾಣಿ ಹತ್ತಿ ಬರುತ್ತದೆ. ದುರಸ್ತಿ ಮಾಡದೆ ಬಿಟ್ಟರೆ ಬೇಲಿ ಸವೆಯುತ್ತದೆ. ಜನ ಗಾಜಿನ ಹತ್ತಿರ ಮುಗಿಬಿದ್ದರೆ ನಾಚಿಕೆ ಸ್ವಭಾವದ ಪ್ರಾಣಿಗೆ ಒತ್ತಡವಾಗುತ್ತದೆ, ಒಂದೇ ಬದಿಯಿಂದ ಕಾಣುವ ಗಾಜು ಹಾಕಿದರೆ ಒತ್ತಡ ಇಳಿಯುತ್ತದೆ. ಪ್ರಾಣಿ ಮರೆಯಾಗಿ ಕೂತರೆ ನೋಡುವವರಿಗೆ ಬೇಸರ, ಕಾಣಿಕೆ ಡಬ್ಬಿ ಖಾಲಿ. ಪ್ರಾಣಿಯ ನೆಮ್ಮದಿಗೂ ಗೇಟಿನ ಗಲ್ಲಾಪೆಟ್ಟಿಗೆಗೂ ಇರುವ ಈ ಜಗ್ಗಾಟ ಮೈಸೂರಿನಲ್ಲಾಗಲಿ ಬನ್ನೇರುಘಟ್ಟದಲ್ಲಾಗಲಿ ಕೆಲಸ ಮಾಡುವ ಯಾರಿಗೂ ಹೊಸದಲ್ಲ. ಆಟ ಅದನ್ನು ಪ್ರಾಮಾಣಿಕವಾಗಿ ಹಿಡಿದಿದೆ.

ಈ ಆವರಣಗಳ ಹಿಂದೆ ನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆಯಿದೆ. 1907ರಲ್ಲಿ ಹ್ಯಾಂಬರ್ಗ್ ಬಳಿ ಕಾರ್ಲ್ ಹಾಗೆನ್‌ಬೆಕ್ ಕಬ್ಬಿಣದ ಸರಳು ತೆಗೆದು ಕಂದಕ ತೋಡಿ ಸಿಂಹವನ್ನು ನಿಲ್ಲಿಸಿದ. 1970ರ ದಶಕದ ಕೊನೆಗೆ ಸಿಯಾಟಲ್‌ನ ವುಡ್‌ಲ್ಯಾಂಡ್ ಪಾರ್ಕ್‌ನಲ್ಲಿ ಗೊರಿಲ್ಲಾಗಳಿಗಾಗಿ ಕಾಡನ್ನೇ ಹೋಲುವ ಜಾಗ ಸಿದ್ಧವಾಯಿತು, ಜನರೂ ಆ ಕಾಡಿನೊಳಗೇ ನಡೆದು ಬಂದಂತೆ ಅನಿಸಬೇಕು ಎಂಬುದು ಅದರ ಉದ್ದೇಶ. ಪ್ಲಾನೆಟ್ ಝೂ ಆಡುವವರು ಗಂಟೆಗಟ್ಟಲೆ ಕೂತು ಬಂಡೆ ಜೋಡಿಸುವುದು ಈ ಸಿಯಾಟಲ್ ಮಾದರಿಯ ಅನುಕರಣೆ. ಆದರೆ ಆ ಮಾದರಿಯ ಮೇಲೆ ಹಳೆಯ ಆಕ್ಷೇಪವೂ ಒಂದಿದೆ: ಕಾಡಿನಂತೆ ಕಾಣುವುದು ನೋಡುವವರ ಸಮಾಧಾನಕ್ಕೆ, ಪ್ರಾಣಿಗೆ ಅದರಿಂದ ಏನು ದಕ್ಕಿತು ಎಂಬುದು ಬೇರೆಯೇ ಲೆಕ್ಕ. ಸಿಮೆಂಟಿನ ಬಂಡೆಯ ಮೇಲೆ ಹುಲಿ ಉಗುರು ಮಸೆಯಲಾರದು. ಆಟದಲ್ಲಿ ಆ ಕೊರತೆಯೂ ಇಲ್ಲ, ಏಕೆಂದರೆ ಉಗುರೇ ಬೆಳೆಯುವುದಿಲ್ಲ.

ನಮ್ಮ ದೇಶದ ಮೃಗಾಲಯಕ್ಕೆ ಬಂದರೆ ಆಟದ ನಕ್ಷೆಯಲ್ಲಿ ಒಂದು ದೊಡ್ಡ ಕಟ್ಟಡವೇ ಕಾಣೆಯಾಗಿದೆ. ಶಿವಮೊಗ್ಗದ ತ್ಯಾವರೆಕೊಪ್ಪ, ಗದಗದ ಬಿಂಕದಕಟ್ಟಿ, ದಾವಣಗೆರೆಯ ಆನಗೋಡು, ಹೊಸಪೇಟೆ ಹತ್ತಿರದ ಕಮಲಾಪುರ, ಹೀಗೆ ಹಾವೇರಿ ಜಿಲ್ಲೆಯ ಶಾಲಾ ಮಕ್ಕಳು ಪ್ರವಾಸ ಹೋಗುವ ಯಾವ ಮೃಗಾಲಯಕ್ಕೆ ಹೋದರೂ ಹುಲಿ, ಸಿಂಹ, ಚಿರತೆಗಳಿಗೆ ಹೊರಗಿನ ಆವರಣದ ಹಿಂದೆ ರಾತ್ರಿ ಮನೆ ಇರುತ್ತದೆ. ಸಂಜೆ ಒಳಗೆ ಕರೆಯುವುದು, ಅಲ್ಲೇ ಮಾಂಸ ಹಾಕುವುದು, ಅಲ್ಲೇ ಗಾಯ ನೋಡುವುದು, ಹೊರಗಿನ ಜಾಗ ತೊಳೆಯುವಾಗ ಅಲ್ಲೇ ಕೂಡಿಹಾಕುವುದು. ಇಕ್ಕಟ್ಟಾಗಿ ಒತ್ತಿ ಹಿಡಿದು ಸೂಜಿ ಚುಚ್ಚುವ ಪಂಜರವೂ ಅಲ್ಲೇ. ಮೃಗಾಲಯದ ಅರ್ಧ ಕೆಲಸ ನಡೆಯುವುದು ಜನ ನೋಡದ ಈ ಕೋಣೆಗಳಲ್ಲಿ. ಆಟದಲ್ಲಿ ಆಸರೆ ಇದೆ, ಆದರೆ ಬಾಗಿಲು ಹಾಕಿ ಪ್ರಾಣಿಯನ್ನು ಬೇರ್ಪಡಿಸುವ ಈ ದಿನಚರಿ ಇಲ್ಲ. ಕಾವಲುಗಾರ ನೇರವಾಗಿ ಹುಲಿಯ ಆವರಣಕ್ಕೆ ನಡೆದುಹೋಗಿ ಸಲಿಕೆಯಿಂದ ಮಲ ತೆಗೆದು ಬರುತ್ತಾನೆ. ಹಾಗೆಯೇ ನಮ್ಮಲ್ಲಿ ಮಾಂಸಾಹಾರಿಗಳಿಗೆ ವಾರಕ್ಕೊಂದು ದಿನ ಉಪವಾಸ ಹಾಕುವ ರೂಢಿಯಿದೆ. ಆಟದಲ್ಲಿ ಹಾಗೆ ಮಾಡಿದರೆ ಆಹಾರದ ಪಟ್ಟಿ ಕೆಂಪಾಗಿ ಎಚ್ಚರಿಕೆ ಕೂಗುತ್ತದೆ.

ಇನ್ನು ವಿಸ್ತೀರ್ಣ. ಕೇಂದ್ರ ಮೃಗಾಲಯ ಪ್ರಾಧಿಕಾರ 1992ರಲ್ಲಿ ರಚನೆಯಾಯಿತು. ಅದೇ ವರ್ಷದ ನಿಯಮಗಳು ಒಂದು ಜೋಡಿ ಹುಲಿಗೆ ಕನಿಷ್ಠ 1000 ಚದರ ಮೀಟರ್ ಹೊರಾವರಣ ಬೇಕೆಂದವು. ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ನಾಗರಹೊಳೆಯಂಥ ಕಾಡಿನಲ್ಲಿ ಒಂದು ಹೆಣ್ಣು ಹುಲಿ ಹತ್ತಾರು ಚದರ ಕಿಲೋಮೀಟರ್ ಸುತ್ತುತ್ತದೆ. ಆಟದ ಅಂಕಿಗಳೂ ಈ ಕನಿಷ್ಠ ಮಟ್ಟದ ಜಾತಿಯವೇ, ಆದರೆ ಅವು ಒಂದು ಮೋಸ ಮಾಡುತ್ತವೆ. ಕನಿಷ್ಠ ದಾಟಿದ ಕೂಡಲೇ ಜಾಗದ ಪಟ್ಟಿ ಹಸಿರಾಗುತ್ತದೆ, ಹುಲಿಗೆ ಇನ್ನೇನೂ ಬೇಡವಾಗುತ್ತದೆ. ರೋಸ್ ಕ್ಲಬ್ ಮತ್ತು ಜಾರ್ಜಿಯಾ ಮೇಸನ್ 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನ ತೋರಿಸಿದ್ದು ಇದರ ವಿರುದ್ಧದ ಸಂಗತಿ: ಕಾಡಿನಲ್ಲಿ ಬಹುದೂರ ಸುತ್ತುವ ಮಾಂಸಾಹಾರಿಗಳೇ ಬಂಧನದಲ್ಲಿ ಹೆಚ್ಚು ಶತಪಥ ಹಾಕುತ್ತವೆ, ಅವುಗಳ ಮರಿಗಳೇ ಹೆಚ್ಚು ಸಾಯುತ್ತವೆ. ಹಿಮಕರಡಿಗೆ ಸಾಮಾನ್ಯವಾಗಿ ಸಿಗುವ ಆವರಣ ಅದರ ಕನಿಷ್ಠ ಸಂಚಾರ ಪ್ರದೇಶದ ಹತ್ತು ಲಕ್ಷದಲ್ಲೊಂದು ಭಾಗ. ಪ್ಲಾನೆಟ್ ಝೂ ಬಿಡುಗಡೆಯಾದ ಮರು ತಿಂಗಳೇ ಮಾರಾಟಕ್ಕೆ ಬಂದ ಹೆಚ್ಚುವರಿ ಕಂತಿನಲ್ಲಿ ಹಿಮಕರಡಿಯೂ ಇತ್ತು. ತಣ್ಣನೆಯ ಗಾಳಿ, ಹಿಮ, ಈಜಲು ನೀರು ಕೊಟ್ಟರೆ ಅದಕ್ಕೆ ನೂರಕ್ಕೆ ನೂರರ ಹತ್ತಿರ ನೆಮ್ಮದಿ.

ಇಲ್ಲಿಗೆ ವರ್ತನೆಯ ಮಾತು ಬಂತು, ನನ್ನ ತಕರಾರಿನ ಬಹುಪಾಲು ಇಲ್ಲಿಯದೇ.

ಆಟದ ಪ್ರಾಣಿಗಳ ಚಲನೆ ಮೊದಲೇ ತಯಾರಿಸಿಟ್ಟ ತುಣುಕುಗಳ ಸರಣಿ. ಮೇಯುವುದು ಒಂದು ತುಣುಕು, ಮೈ ತುರಿಸುವುದು ಒಂದು, ಮರಿಗೆ ಮೂಗು ತಾಗಿಸುವುದು ಒಂದು. ಒಂದೊಂದೂ ಅದ್ಭುತವಾಗಿದೆ, ಪ್ರಾಣಿಗಳನ್ನು ಕಣ್ಣಿಟ್ಟು ನೋಡಿದವರೇ ಮಾಡಿದ್ದು. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್‌ಗೆ ಹೋದವರಿಗೆ ಭಂಗಿಯೊಂದು ಎಷ್ಟು ಜೀವಂತವಾಗಿರಬಹುದು ಎಂದು ಗೊತ್ತು. ಭಂಗಿ ಸರಿಯಿದ್ದರೆ ಕಲ್ಲು-ಸಿಮೆಂಟಿನ ಎತ್ತೂ ಈಗ ಹೆಜ್ಜೆ ಎತ್ತಿಡುತ್ತದೆ ಅನಿಸುತ್ತದೆ. ಆದರೆ ವರ್ತನೆ ಎಂದರೆ ಭಂಗಿಯಿಂದ ಭಂಗಿಗೆ ಹೋಗುವ ಕಾರಣ. ಆ ಕಾರಣದಲ್ಲೇ ಆಟ ಬಡವಾಗಿದೆ.

ಚಿಗರಿಯನ್ನೇ ತೆಗೆದುಕೊಳ್ಳಿ. ಅದು ಬಯಲಿನ ಪ್ರಾಣಿ, ಬದುಕುವುದು ಕಣ್ಣಿನಿಂದ. ದಟ್ಟ ಗಿಡಗಂಟಿ ಅದಕ್ಕೆ ಆಸರೆಯಲ್ಲ, ತೋಳ ಅಡಗುವ ಜಾಗ. ಗಂಡು ತನ್ನ ಜಾಗದ ಗುರುತಿಗೆ ಒಂದೇ ಕಡೆ ಹಿಕ್ಕೆ ಗುಡ್ಡೆ ಹಾಕುತ್ತದೆ, ಕಣ್ಣಿನ ಮುಂದಿನ ಗ್ರಂಥಿಯನ್ನು ಕಡ್ಡಿಗೆ ಒರೆಸುತ್ತದೆ. ಹೆಣ್ಣು ಹತ್ತಿರ ಬಂದರೆ ಮೂತಿ ಮೇಲೆತ್ತಿ, ಕೋಡುಗಳನ್ನು ಬೆನ್ನಿಗೆ ಒರಗಿಸಿ ಬೀಗುತ್ತ ನಡೆಯುತ್ತದೆ. ಹುಟ್ಟಿದ ಮರಿ ಮೊದಲ ಕೆಲವು ದಿನ ತಾಯಿಯ ಹಿಂದೆ ಓಡುವುದಿಲ್ಲ, ಹುಲ್ಲಿನಲ್ಲಿ ಅಲುಗಾಡದೆ ಮಲಗಿರುತ್ತದೆ. ಹಿಂಡು ಬೆದರಿದಾಗ ಒಂದು ನೆಗೆಯಿತೆಂದರೆ ಹಿಂದಿನದೂ ನೆಗೆಯುತ್ತದೆ, ಅದರ ಹಿಂದಿನದೂ. ನಂತರವೇ ನಿಜವಾದ ಓಟ. ಪ್ಲಾನೆಟ್ ಝೂದಲ್ಲಿ ಚಿಗರಿಯ ದಾಯಾದಿಗಳಾದ ಥಾಮ್ಸನ್ ಗೆಜೆಲ್, ಸ್ಪ್ರಿಂಗ್‌ಬಾಕ್ ಇವೆ. ಅವುಗಳ ಗಂಡುಗಳು ಯಜಮಾನಿಕೆಗಾಗಿ ಕಾದಾಡುತ್ತವೆ, ಸೋತದ್ದನ್ನು ಬೇರೆಡೆ ಸಾಗಿಸದಿದ್ದರೆ ಕಾದಾಟ ಮರುಕಳಿಸುತ್ತದೆ, ಅಷ್ಟು ಸರಿ. ಆದರೆ ಅವುಗಳಲ್ಲಿ ಜಾಗದ ಅಭಿಮಾನ ಕಾಣುವುದಿಲ್ಲ. ಆವರಣದ ಒಂದು ಮೂಲೆಗೂ ಇನ್ನೊಂದು ಮೂಲೆಗೂ ಅವುಗಳಿಗೆ ವ್ಯತ್ಯಾಸವೇ ಇಲ್ಲ.

ಭಯದ ದೂರವೂ ಇಲ್ಲ. ಬಾಸೆಲ್, ಝೂರಿಕ್ ಮೃಗಾಲಯಗಳನ್ನು ನಡೆಸಿದ ಸ್ವಿಸ್ ವಿಜ್ಞಾನಿ ಹೈನಿ ಹೆಡಿಗರ್ 1942ರಲ್ಲೇ ಒಂದು ಮಾತು ಸ್ಥಾಪಿಸಿದ: ಪ್ರತಿ ಕಾಡುಪ್ರಾಣಿಗೂ ಇಷ್ಟು ಹತ್ತಿರ ಬಂದರೆ ಓಡಬೇಕು ಎಂಬ ಒಂದು ಅಂತರವಿರುತ್ತದೆ, ಆವರಣದಲ್ಲಿ ಆ ಅಂತರ ಸಿಗದಿದ್ದರೆ ಎಷ್ಟು ಸೊಗಸಾದ ಜಾಗವೂ ಹಿಂಸೆಯೇ. ಹಲಗೇರಿಯ ರೈತ ಹೆಡಿಗರ್‌ನ ಹೆಸರು ಕೇಳಿರಲಿಕ್ಕಿಲ್ಲ, ಅಂತರ ಮಾತ್ರ ಚೆನ್ನಾಗಿ ಗೊತ್ತು. ನಡೆದು ಬರುವ ಮನುಷ್ಯನಿಗೆ ಒಂದು ದೂರ, ಬೈಕಿಗೆ ಇನ್ನೊಂದು, ನಾಯಿ ಜೊತೆಗಿದ್ದರೆ ಮತ್ತೊಂದು. ಹಾವೇರಿ ಸೀಮೆಯಲ್ಲಿ ದೀಪಾವಳಿಯ ನಂತರ ನಡೆಯುವ ಹೋರಿ ಬೆದರಿಸುವ ಸ್ಪರ್ಧೆ ನೋಡಿದ್ದೀರಾದರೆ ಇದನ್ನು ವಿವರಿಸಬೇಕಿಲ್ಲ. ಕೊಬ್ಬರಿ ಕಟ್ಟಿದ ಹೋರಿ ಯಾವ ಕಡೆ ನುಗ್ಗುತ್ತದೆಂದು ಅಖಾಡದ ಅಂಚಿನಲ್ಲಿ ನಿಂತವರು ಕಿವಿ, ಬಾಲ, ಮುಂಗಾಲು ಊರುವ ರೀತಿ ನೋಡಿ ಅಂದಾಜು ಕಟ್ಟುತ್ತಾರೆ, ಅಂದಾಜು ತಪ್ಪಿದವರು ಆಸ್ಪತ್ರೆಗೆ ಹೋಗುತ್ತಾರೆ. ಆ ಸ್ಪರ್ಧೆ ನಡೆಯಬೇಕೋ ಬೇಡವೋ ಎಂಬ ವಾದ ಬೇರೆ. ಪ್ರಾಣಿಯ ಮೈ ಓದುವ ಆ ವಿದ್ಯೆಗೆ ಆಟದಲ್ಲಿ ಕೆಲಸವೇ ಇಲ್ಲ. ಪ್ರಾಣಿಯ ಮೇಲೆ ಕ್ಲಿಕ್ ಮಾಡಿದರೆ ಹಸಿವು ಇಷ್ಟು, ಒತ್ತಡ ಇಷ್ಟು ಎಂದು ಪಟ್ಟಿಯೇ ಹೇಳುತ್ತದೆ. ನಿಜವಾದ ಕಾವಲುಗಾರನ ಮುಂದೆ ಪಟ್ಟಿಯಿಲ್ಲ, ನಿನ್ನೆ ತಿಂದ ಮೇವು ಇವತ್ತು ಯಾಕೆ ಉಳಿಯಿತು ಎಂಬ ಒಂದು ಅನುಮಾನವಷ್ಟೇ ಇದೆ.

ಹಿಡಿದು ಸಾಗಿಸುವ ವಿಷಯದಲ್ಲಿ ಪ್ಲಾನೆಟ್ ಝೂ 2001ರಿಂದ ಒಂದು ಹೆಜ್ಜೆಯಷ್ಟೇ ಮುಂದೆ ಬಂದಿದೆ. ಪ್ರಾಣಿ ಈಗ ಗಾಳಿಯಲ್ಲಿ ತೇಲುವುದಿಲ್ಲ, ಪೆಟ್ಟಿಗೆಯಲ್ಲಿ ಬರುತ್ತದೆ. ಆದರೆ ಪೆಟ್ಟಿಗೆಯೊಳಗೆ ಹೋಗುವ ಸಂಕಟ ಇಲ್ಲ. ಚಿಗರಿಯಂಥ ಪ್ರಾಣಿಯನ್ನು ಅಟ್ಟಿಸಿಕೊಂಡು ಹಿಡಿದರೆ, ಗಾಯವಿಲ್ಲದಿದ್ದರೂ, ಅತಿಯಾದ ಓಟ ಮತ್ತು ಗಾಬರಿಯಿಂದ ಸ್ನಾಯುಗಳು ಹಾಳಾಗಿ ಗಂಟೆಗಳ ಅಥವಾ ದಿನಗಳ ನಂತರ ಸಾಯಬಹುದು. ಅದಕ್ಕೇ ಆಫ್ರಿಕಾದಿಂದ ಕಲಿತ ಬೋಮಾ ಪದ್ಧತಿ: ಆಳೆತ್ತರದ ಪರದೆ ಕಟ್ಟಿದ, ಹೋಗುತ್ತ ಹೋಗುತ್ತ ಕಿರಿದಾಗುವ ದಾರಿಯಲ್ಲಿ ಹಿಂಡನ್ನು ನಿಧಾನವಾಗಿ ಲಾರಿಯೊಳಕ್ಕೆ ಹೊರಳಿಸುವುದು. ಒಂದು ಆಟ ಈ ಒಂದೇ ಕೆಲಸವನ್ನು ಸರಿಯಾಗಿ ತೋರಿಸಿದ್ದರೆ ನೂರು ಹೊಸ ಪ್ರಾಣಿ ಸೇರಿಸಿದ್ದಕ್ಕಿಂತ ದೊಡ್ಡ ಸಾಧನೆ ಎನ್ನುತ್ತಿದ್ದೆ. ನವಿಲಿಗೂ ಅದರ ಸಹಜ ವರ್ತನೆ ದಕ್ಕಿಲ್ಲ. ಇಲ್ಲಿ ಸಂಜೆಯಾದರೆ ಬದುವಿನ ಮರ ಹತ್ತಿ ಕೂರುವ ಹಕ್ಕಿ, ಪ್ಲಾನೆಟ್ ಝೂದಲ್ಲಿ ಹಾರುವುದನ್ನೇ ಮರೆತು ಕೋಳಿಯಂತೆ ನೆಲದ ಮೇಲೆ ಓಡಾಡಿಕೊಂಡಿದೆ.

ಜೊತೆಗಾರರ ವಿಚಾರದಲ್ಲಿ ಆಟದ ಲೆಕ್ಕ ನಮ್ಮ ಹಳೆಯ ಮೃಗಾಲಯಗಳಿಗಿಂತ ಕಟ್ಟುನಿಟ್ಟು. ಎಷ್ಟು ಗಂಡು, ಎಷ್ಟು ಹೆಣ್ಣು, ಗಂಡುಗಳಷ್ಟೇ ಇರುವ ಗುಂಪು ಸಾಧ್ಯವೇ ಎಂಬುದನ್ನು ಪ್ರತಿ ಪ್ರಾಣಿಗೂ ಹೇಳುತ್ತದೆ. ಮೈಸೂರಿನಲ್ಲಿ ಪೋಲೋ ಎಂಬ ಗೊರಿಲ್ಲಾ ವರ್ಷಗಟ್ಟಲೆ ಒಂಟಿಯಾಗಿ ಬದುಕಿ 2014ರಲ್ಲಿ ತೀರಿಕೊಂಡಿತು. ಆಟದಲ್ಲಿ ಹಾಗೆ ಇಟ್ಟಿದ್ದರೆ ಗೇಟಿನಲ್ಲಿ ಪ್ರತಿಭಟನಾಕಾರರು ಫಲಕ ಹಿಡಿದು ನಿಲ್ಲುತ್ತಿದ್ದರು, ನಿಜಕ್ಕೂ ಆಟದಲ್ಲಿ ಆ ವ್ಯವಸ್ಥೆಯಿದೆ. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬಾ ಎಂಬ ಎರಡು ಗಂಡುಗಳು ಮೈಸೂರಿಗೆ ಬಂದವು, ಅವಕ್ಕೆ ಆ ಒಂಟಿತನ ತಪ್ಪಿತು. ವಂಶಾವಳಿಯ ವಿಷಯವೂ ಹಾಗೆಯೇ: ಒಡಹುಟ್ಟಿದವು ಕೂಡಿದರೆ ಮರಿಗಳ ಆಯಸ್ಸು, ಸಂತಾನಶಕ್ತಿ, ರೋಗನಿರೋಧಕ ಬಲ ಕುಗ್ಗುತ್ತವೆ ಎಂದು ಆಡುವ ಮಕ್ಕಳಿಗೆ ಅಂಕಿಗಳಲ್ಲೇ ಅರ್ಥವಾಗುತ್ತದೆ. ಅದು ಪಾಠಪುಸ್ತಕ ಮಾಡದ ಕೆಲಸ. ಆದರೆ ಆಟದ ಪ್ರಾಣಿಗಳೆಲ್ಲ ಸಂತೆಯಿಂದ ಕೊಂಡು ತಂದಂಥವು. ಸರ್ಕಸ್‌ನಿಂದ ಬಿಡಿಸಿ ತಂದ, ತಳಿ ಮಿಶ್ರವಾಗಿದ್ದರಿಂದ ಸಂತಾನ ನಿಲ್ಲಿಸಿ ಮುಪ್ಪಿನವರೆಗೆ ಸಾಕಬೇಕಾದ ಸಿಂಹಗಳು, ಕಬ್ಬಿನ ಗದ್ದೆಯಲ್ಲಿ ಸಿಕ್ಕಿಬಿದ್ದು ಬನ್ನೇರುಘಟ್ಟಕ್ಕೋ ಮೈಸೂರಿನ ಕೂರ್ಗಳ್ಳಿಗೋ ಸೇರಿದ ಚಿರತೆಗಳು ಅಲ್ಲಿಲ್ಲ. ಪ್ರದರ್ಶನಕ್ಕೂ ಬಾರದ, ಕಾಡಿಗೂ ಮರಳದ ಈ ಪ್ರಾಣಿಗಳ ಹೊಟ್ಟೆ ತುಂಬಿಸುವುದು ನಮ್ಮ ಮೃಗಾಲಯಗಳ ದೊಡ್ಡ ಖರ್ಚು, ಲಾಭದ ಆಟದಲ್ಲಿ ಅದಕ್ಕೆ ಕಾಲಂ ಇಲ್ಲ. ಆನೆಯದು ಇನ್ನೂ ವಿಚಿತ್ರ. 2009ರಲ್ಲಿ ಕೇಂದ್ರ ಪ್ರಾಧಿಕಾರ ಆನೆಗಳನ್ನು ಮೃಗಾಲಯಗಳಿಂದ ಶಿಬಿರಗಳಿಗೆ ಕಳಿಸಿ ಎಂದಿತು. ಆಟದಲ್ಲಿ ಇವತ್ತಿಗೂ ಜನ ಸೇರಿಸುವ ದೊಡ್ಡ ಆಕರ್ಷಣೆ ಆನೆಯೇ, ಅದೂ ಮಾವುತನಿಲ್ಲದೆ.

ಆಟದಲ್ಲಿ ರೋಗ ಇದೆ, ಕ್ವಾರಂಟೈನ್ ಇದೆ, ವೈದ್ಯರಿದ್ದಾರೆ. ಸಂಶೋಧನೆ ಮಾಡಿಸಿದರೆ ಔಷಧಿ ಬೇಗ ಸಿಗುತ್ತದೆ, ಪ್ರಾಣಿ ಎದ್ದು ನಿಲ್ಲುತ್ತದೆ. ಹೊರಗಿನ ಕಥೆ ಬೇರೆ. 2023ರಲ್ಲಿ ಬನ್ನೇರುಘಟ್ಟದಲ್ಲಿ ಬೆಕ್ಕಿನ ಜಾತಿಗೆ ಬರುವ ವೈರಸ್ಸಿನಿಂದ ಏಳು ಚಿರತೆ ಮರಿಗಳು ಸತ್ತವು. 2025ರ ನವೆಂಬರ್‌ನಲ್ಲಿ ಬೆಳಗಾವಿ ಬಳಿಯ ಭೂತರಾಮನಹಟ್ಟಿ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ ಮೂವತ್ತರಷ್ಟು ಕೃಷ್ಣಮೃಗಗಳು ಹೋದವು. ಕಾರಣ ಗಳಲೆ ರೋಗ, ನಮ್ಮ ರೈತರು ದನಗಳಿಗೆ ಮಳೆಗಾಲಕ್ಕೆ ಮುಂಚೆ ಚುಚ್ಚಿಸುವ ಲಸಿಕೆ ಯಾವುದಕ್ಕೋ ಅದೇ. ರೋಗ ಬಂದದ್ದು ಕಣ್ಣಿಗೆ ಕಾಣುವಷ್ಟರಲ್ಲಿ ಹಿಂಡು ಮುಗಿದಿರುತ್ತದೆ. ಬೇಟೆಯಾಗುವ ಪ್ರಾಣಿ ಕಾಯಿಲೆಯನ್ನು ಕೊನೆಯವರೆಗೆ ಮುಚ್ಚಿಡುತ್ತದೆ, ಕುಂಟುವುದು ತೋಳಕ್ಕೆ ಕಂಡರೆ ಅದರ ಕಥೆ ಅಲ್ಲಿಗೆ ಮುಗಿದಂತೆ. ಆಟದ ಪ್ರಾಣಿ ಏನನ್ನೂ ಮುಚ್ಚಿಡುವುದಿಲ್ಲ. ನನ್ನ ಮಟ್ಟಿಗೆ ಅದರ ಅತಿ ದೊಡ್ಡ ಸುಳ್ಳು ಇದು.

ಬೇಸರವನ್ನೂ ಆಟ ತೋರಿಸಲಾರದು, ಇದರಲ್ಲಿ ತಯಾರಕರ ತಪ್ಪು ಕಡಿಮೆ. ಆಟದ ಕಾಲ ಓಡುತ್ತದೆ, ಹುಟ್ಟಿದ ಮರಿ ಸ್ವಲ್ಪ ಹೊತ್ತಿನಲ್ಲೇ ಮುದಿಯಾಗುತ್ತದೆ. ಹನ್ನೆರಡು ವರ್ಷ ಅದೇ ಹತ್ತು ಗುಂಟೆ ನೋಡುವ ಹುಲಿಯ ಮಧ್ಯಾಹ್ನವನ್ನು ಯಾರು ಕಾಸು ಕೊಟ್ಟು ಆಡುತ್ತಾರೆ?

ಇಷ್ಟು ಹೇಳಿ ಆಟವನ್ನು ಮಾತ್ರ ಕಟಕಟೆಗೆ ನಿಲ್ಲಿಸಿದರೆ ನ್ಯಾಯವಾಗದು. ರಾಣೆಬೆನ್ನೂರು ಅಭಯಾರಣ್ಯವನ್ನೇ ನೋಡಿ. ಒಟ್ಟು 119 ಚದರ ಕಿಲೋಮೀಟರ್, ಅದರಲ್ಲಿ ಕೋರ್ ಪ್ರದೇಶ 14.87. ಉಳಿದದ್ದರಲ್ಲಿ ಬಹುಪಾಲು ನೀಲಗಿರಿ ನೆಡುತೋಪು. ಕುರುಚಲು ಹುಲ್ಲುಗಾವಲನ್ನು ಕಂಡ ಆಡಳಿತದ ಕಣ್ಣಿಗೆ ಅದು ಖಾಲಿ ಜಾಗ, ಮರ ನೆಟ್ಟರೆ ಕಾಡು. ಮೊದಲ ಝೂ ಟೈಕೂನ್‌ನಲ್ಲಿ ಆವರಣಕ್ಕೆ ಗಿಡ ಸಾಲದು ಎಂದು ಸಂದೇಶ ಬಂದ ಕೂಡಲೇ ಸಾಲಾಗಿ ಮರ ಒತ್ತುತ್ತಿದ್ದ ಮಕ್ಕಳ ತರ್ಕವೂ ಇದೇ. ಬಯಲು ಬೇಕಿದ್ದ ಎರೆಭೂತ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್, ಒಂದು ಕಾಲಕ್ಕೆ ಈ ಅಭಯಾರಣ್ಯದ ಹೆಮ್ಮೆಯಾಗಿತ್ತು. ಈಗ ರಾಜ್ಯದಲ್ಲಿ ಬೆರಳೆಣಿಕೆಯಷ್ಟು ಉಳಿದಿರುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆ. ಪ್ಲಾನೆಟ್ ಝೂ ಈ ಒಂದು ವಿಷಯದಲ್ಲಿ ನಮಗಿಂತ ಜಾಣ: ಬಯಲಿನ ಪ್ರಾಣಿಗೆ ಗಿಡ ಹೆಚ್ಚಾದರೆ ಅದು ಪಟ್ಟಿಯನ್ನು ಕೆಂಪು ಮಾಡಿ ತೋರಿಸುತ್ತದೆ. ಮೊದಲು ಉಳಿಸಿಟ್ಟ ಆಟ ತೆರೆದು ಮರಗಳನ್ನು ಅಳಿಸಿಬಿಡುವ ಅನುಕೂಲವೂ ಅಲ್ಲಿದೆ. ಅದೇ ಆಟ ಪ್ರಾಣಿಯನ್ನು ಕಾಡಿಗೆ ಬಿಡುವುದನ್ನು ಒಂದು ಗುಂಡಿಗೆ ಇಳಿಸಿ, ಒತ್ತಿದವರಿಗೆ ಅಂಕ ಕೊಡುತ್ತದೆ. ಬಿಟ್ಟ ಕಾಡು ಎಲ್ಲಿದೆ, ಅಲ್ಲಿ ಹುಲ್ಲಿದೆಯೋ ನೀಲಗಿರಿ ಇದೆಯೋ ಯಾರೂ ಕೇಳುವುದಿಲ್ಲ.

ಕೊನೆಗೆ ನಕ್ಷೆಯ ಅಂಚು. ಈ ಎಲ್ಲ ಆಟಗಳಲ್ಲಿ ಮೃಗಾಲಯದ ಗಡಿಯಾಚೆ ಅಲಂಕಾರದ ಗುಡ್ಡಗಳಿವೆ, ಅಲ್ಲಿ ಯಾರೂ ಉಳುವುದಿಲ್ಲ. ತಪ್ಪಿಸಿಕೊಂಡ ಪ್ರಾಣಿ ಓಡುವುದು ಟಿಕೆಟ್ ಕೊಂಡು ಬಂದವರ ನಡುವೆ, ಅವರು ಚೀರಿ ಓಡುತ್ತಾರೆ, ಹೆಸರು ಕೆಡುತ್ತದೆ, ಅಷ್ಟೇ. ಹಲಗೇರಿ ಸುತ್ತಿನ ಚಿಗರಿಗೆ ಗಡಿಯಾಚೆ ಗೋವಿನಜೋಳವಿದೆ, ಹತ್ತಿಯಿದೆ, ರಾತ್ರಿ ಬ್ಯಾಟರಿ ಹಿಡಿದು ಕಾಯುವ ಮನುಷ್ಯನಿದ್ದಾನೆ. ಪ್ರಾಣಿಯ ವರ್ತನೆಯ ಅರ್ಧ ಆ ಮನುಷ್ಯನ ವರ್ತನೆಗೆ ಕೊಟ್ಟ ಉತ್ತರ: ಯಾವ ಹೊಲದಲ್ಲಿ ಕಾವಲಿದೆ, ಯಾವುದರಲ್ಲಿ ಇಲ್ಲ, ಯಾವ ಜಾವಕ್ಕೆ ಅವನಿಗೆ ನಿದ್ದೆ ಹತ್ತುತ್ತದೆ ಎಂಬುದನ್ನು ಹಿಂಡು ಕಲಿತಿರುತ್ತದೆ. ಮುಂದಿನ ಆಟ ಮಾಡುವವರು ಹೊಸ ಪ್ರಾಣಿ ಸೇರಿಸುವ ಬದಲು ಬೇಲಿಯ ಹೊರಗೆ ಎರಡು ಎಕರೆ ಜೋಳ ಬಿತ್ತಲಿ, ಅರಣ್ಯ ಇಲಾಖೆಗೆ ಕೊಡುವ ಬೆಳೆ ಪರಿಹಾರದ ಅರ್ಜಿಯನ್ನೂ ಒಂದು ಹಂತವಾಗಿ ಇಡಲಿ. ಆ ಹಂತ ದಾಟಲು ಎಷ್ಟು ದಿನ ಹಿಡಿಯುತ್ತದೆಂದು ಇಲ್ಲಿಯವರನ್ನು ಕೇಳಿದರೆ ಹೇಳಿಕೊಡುತ್ತಾರೆ.